ಲಂಚ ತಿಂದವನು ಎಲ್ಲ ಬಾಯಿಬಿಟ್ಟರೆ ಮಾಫಿ ಕೊಡಬಹುದೇ? ಸತ್ಯಶೋಧನಾ ಆಯೋಗಗಳ ಬಗ್ಗೆ ಒಂದು ಚರ್ಚೆ

ದಾರಿಹೋಕ

ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ. ಉದ್ದವಾದರೆ ಬೈಯಬೇಡಿ.

ಸತ್ಯಶೋಧನಾ ಆಯೋಗ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ದಕ್ಷಿಣ ಆಫ್ರಿಕಾ. ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳ ವಿಚಾರಣೆಗೆ ಕೂತ ಆಯೋಗ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರು, 1996ರ ಏಪ್ರಿಲ್‌ನಲ್ಲಿ ಮೊದಲ ಬಹಿರಂಗ ವಿಚಾರಣೆ, ಸುಮಾರು 21,000 ಸಂತ್ರಸ್ತರ ಹೇಳಿಕೆ. ಅಲ್ಲಿನ ಕರಾರು ಇಷ್ಟೇ: ಮಾಡಿದ್ದನ್ನೆಲ್ಲ ಬಿಡದೆ ಹೇಳು, ರಾಜಕೀಯ ಉದ್ದೇಶದಿಂದ ಮಾಡಿದ್ದು ಅಂತ ತೋರಿಸು, ಜೈಲಿಲ್ಲ. ಮುಚ್ಚಿಟ್ಟರೆ ಕೋರ್ಟು ಇದ್ದೇ ಇದೆ. ಕ್ಷಮಾದಾನ ಕೇಳಿ 7,112 ಅರ್ಜಿ ಬಂದವು, ಸಿಕ್ಕಿದ್ದು 849 ಮಂದಿಗೆ. ಪುಕ್ಕಟೆ ಹಂಚಿದ್ದೇನಲ್ಲ.

ಇದೇ ಕರಾರನ್ನು ಲಂಚಕ್ಕೆ, ಖಜಾನೆ ಲೂಟಿಗೆ, ಪೊಲೀಸರೂ ಪಾತಕಿಗಳೂ ಹಂಚಿಕೊಂಡು ತಿನ್ನುವ ದಂಧೆಗೆ ಯಾಕೆ ಹಾಕಬಾರದು? ಕೋರ್ಟಿನ ಮುಂದೆ ಬರುವುದು ಒಬ್ಬ ಗುಮಾಸ್ತ, ಒಂದು ದಿನ, ಒಂದು ಕವರು. ಅದು ಸಾಬೀತಾದರೂ ಆ ಕವರಿನಲ್ಲಿ ಮೇಲಿನವನ ಪಾಲೆಷ್ಟು, ಅವನ ಮೇಲಿನವನದೆಷ್ಟು ಅನ್ನುವುದು ಆಚೆಗೇ ಬರುವುದಿಲ್ಲ. ಒಬ್ಬನನ್ನು ಹಿಡಿದು ಹತ್ತು ಜನರನ್ನು ಬಿಡುವ ಬದಲು, ಒಬ್ಬನನ್ನು ಬಿಟ್ಟು ಹತ್ತು ಜನರ ಹೆಸರು ತೆಗೆಸಬಹುದಲ್ಲ?

ಇನ್ನೊಂದು ಕಾರಣವೂ ಇದೆ. ಚಿಲಿಯಲ್ಲಿ ರೆಟ್ಟಿಗ್ ಆಯೋಗ ಸರ್ವಾಧಿಕಾರಿ ಪಿನೋಶೆ ಕಾಲದ ಕೊಲೆ, ನಾಪತ್ತೆಗಳ ವರದಿ ಕೊಟ್ಟಿದ್ದು 1991ರಲ್ಲಿ. ಆಗಲೂ ಆತನೇ ಸೇನಾಧಿಪತಿ! ಭಕ್ತರು "ದೇಶ ಉಳಿಸಲು ಮಾಡಿದ್ದು" ಅಂತ ಎದೆ ತಟ್ಟಿಕೊಂಡರು. ಹಣದ ವಿಷಯ ಆ ಆಯೋಗದ ವ್ಯಾಪ್ತಿಯಲ್ಲೇ ಇರಲಿಲ್ಲ. 2004ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯೊಂದು ರಿಗ್ಸ್ ಬ್ಯಾಂಕಿನಲ್ಲಿ ಅವನ ಗುಪ್ತ ಖಾತೆಗಳಿರುವುದನ್ನು ಹೊರಗೆಳೆಯಿತು. ಹೆಣಗಳ ಲೆಕ್ಕಕ್ಕೆ ಅಲುಗಾಡದಿದ್ದ ಭಕ್ತಿ ಬ್ಯಾಂಕಿನ ಲೆಕ್ಕಕ್ಕೆ ಅಲುಗಾಡಿತು. ಕೊಲೆಗಾರನನ್ನು ವೀರ ಅನ್ನಬಹುದು, ಕಳ್ಳನನ್ನು ಹಾಗನ್ನುವುದು ಕಷ್ಟ.

ಬೇವಿನಕಡ್ಡಿ

ಆಯೋಗ ಅಂದರೆ ಇವತ್ತಿನ ಗಲಾಟೆಯನ್ನು ಮೂರು ವರ್ಷ ಆಚೆ ತಳ್ಳುವ ಉಪಾಯ, ಅಷ್ಟೇ. 1974ರಲ್ಲಿ ಉಗಾಂಡದಲ್ಲಿ ನಾಪತ್ತೆಯಾದವರ ಬಗ್ಗೆ ವಿಚಾರಣಾ ಆಯೋಗ ನೇಮಿಸಿದ ಪುಣ್ಯಾತ್ಮ ಯಾರು ಗೊತ್ತೇ? ಸಾಕ್ಷಾತ್ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್. ಕೊಲೆಗಳೇನೂ ನಿಲ್ಲಲಿಲ್ಲ. ಜಿಂಬಾಬ್ವೆಯಲ್ಲಿ ಮಟಬೆಲೆಲ್ಯಾಂಡ್ ಹತ್ಯೆಗಳ ಬಗ್ಗೆ 1983–84ರಲ್ಲಿ ಕೂತ ಆಯೋಗದ ವರದಿಯನ್ನು ಸರ್ಕಾರ ಪ್ರಕಟಿಸಲೇ ಇಲ್ಲ. ಬೇಲಿಯೇ ಹೊಲ ಮೇಯುತ್ತಿರುವಾಗ ಅದೇ ಬೇಲಿಯನ್ನು ಕರೆದು "ಎಷ್ಟು ಮೇದೆ ಹೇಳಪ್ಪಾ" ಅಂತ ಕೇಳಿದ ಹಾಗೆ.

ಮುಂಗೋಳಿ

ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಸತ್ಯಶೋಧನಾ ಆಯೋಗಕ್ಕೂ ಮಾಮೂಲಿ ನ್ಯಾಯಾಂಗ ತನಿಖಾ ಆಯೋಗಕ್ಕೂ ಏನು ವ್ಯತ್ಯಾಸ? ಎರಡೂ ಒಂದೇ ಅಂದುಕೊಂಡಿದ್ದೆ.

ಕರಿಕೋಟು

ಮುಂಗೋಳಿ, ದಡ್ಡ ಪ್ರಶ್ನೆ ಅಲ್ಲ, ಇಡೀ ಚರ್ಚೆ ಅದರ ಮೇಲೇ ನಿಂತಿದೆ. ತನಿಖಾ ಆಯೋಗ ಸಾಮಾನ್ಯವಾಗಿ ಒಂದು ಘಟನೆ ಅಥವಾ ಒಂದು ಹಗರಣಕ್ಕೆ ಕಟ್ಟುಬಿದ್ದಿರುತ್ತದೆ. ಸತ್ಯಶೋಧನಾ ಆಯೋಗ ಒಂದು ಕಾಲಘಟ್ಟವನ್ನೇ ಕೈಗೆತ್ತಿಕೊಳ್ಳುತ್ತದೆ: ಇಷ್ಟು ವರ್ಷ ಹೀಗೇ ನಡೆಯಿತಲ್ಲ, ನಡೆಸಿದ ಯಂತ್ರ ಯಾವುದು, ಯಾರು ಯಾವ ಹಲ್ಲು, ಯಾವ ಚಕ್ರ. ಸಂತ್ರಸ್ತರ ಮಾತು ಅದರ ಜೀವ. ಶಿಕ್ಷೆ ಕೊಡುವ ಅಧಿಕಾರ ಎರಡಕ್ಕೂ ಇಲ್ಲ.

ಆದರೆ ಲಂಚದ ವಿಷಯದಲ್ಲಿ ಕೆಲಸ ಮಾಡಿ ತೋರಿಸಿದ್ದು ಹೆಚ್ಚಾಗಿ "ತನಿಖಾ ಆಯೋಗ" ಅನ್ನಿಸಿಕೊಂಡವೇ. ನನ್ನ ಮೆಚ್ಚಿನ ಉದಾಹರಣೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಫಿಟ್ಜ್‌ಜೆರಾಲ್ಡ್ ಆಯೋಗ, 1987ರಿಂದ 89. ಟಿವಿ ವರದಿಯೊಂದರ ಬಿಸಿಗೆ ಹುಟ್ಟಿದ್ದು. ಆರು ವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದರು, ಎರಡು ವರ್ಷ ಎಳೆಯಿತು. ಜೂಜುಕೋರರು, ವೇಶ್ಯಾಗೃಹ ನಡೆಸುವವರು ಪೊಲೀಸರಿಗೆ ತಿಂಗಳು ತಿಂಗಳು ಮಾಮೂಲು ಕೊಡುತ್ತಿದ್ದರು. ಆ ಮಾಮೂಲಿಗೆ ಅಲ್ಲಿನ ಪೊಲೀಸರು ಇಟ್ಟಿದ್ದ ಅಡ್ಡಹೆಸರು "ಜೋಕ್". ಹಣ ಎತ್ತಿ ಹಂಚುತ್ತಿದ್ದ ಜ್ಯಾಕ್ ಹರ್ಬರ್ಟ್ ಎಂಬ ಮಾಜಿ ಪೊಲೀಸನಿಗೆ ಆಯೋಗ ರಕ್ಷಣೆ ಕೊಟ್ಟು ಬಾಯಿಬಿಡಿಸಿತು. ಅವನ ಮಾತಿನ ಮೇಲೆ ಪೊಲೀಸ್ ಕಮಿಷನರ್ ಟೆರಿ ಲೂಯಿಸ್ 1991ರಲ್ಲಿ 14 ವರ್ಷದ ಶಿಕ್ಷೆಗೆ ಒಳಗಾದ. ನೈಟ್ ಪದವಿಯೂ ಹೋಯಿತು. ಮಂತ್ರಿಗಳಾಗಿದ್ದವರೂ ಜೈಲು ನೋಡಿದರು.

ದಾರಿಹೋಕರೇ, ನೀವು ಹೇಳುವ ಕರಾರು ಇದೇ ತಾನೇ? ಆದರೆ ಗಮನಿಸಿ: ಬಿಟ್ಟಿದ್ದು ಕವರು ಹೊತ್ತವನನ್ನು, ಹಿಡಿದಿದ್ದು ಕವರು ತೆಗೆದುಕೊಂಡವನನ್ನು. ಮಾಫಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನವನಿಗೆ ಮೊದಲೇ ಕೊಟ್ಟರೆ ಅವನು ಕೆಳಗಿನವರನ್ನೆಲ್ಲ ಬಲಿಕೊಟ್ಟು ತಾನು ಮನೆಗೆ ಹೋಗುತ್ತಾನೆ.

ತುಂಬೆಹೂ

ಒಂದು ತಕರಾರು. "ಬಾಯಿಬಿಟ್ಟರೆ ಮಾಫಿ" ಅನ್ನುವುದು ಕಾಗದದ ಮೇಲೆ ಚೆಂದ, ಎದುರಿಗೆ ಕೂತು ನೋಡಿದರೆ ಬೇರೆಯೇ. ದಕ್ಷಿಣ ಆಫ್ರಿಕಾದಲ್ಲೇ 1997ರಲ್ಲಿ ಜೆಫ್ರಿ ಬೆಂಜಿಯನ್ ಎಂಬ ಪೊಲೀಸ್ ಅಧಿಕಾರಿ ಕ್ಷಮಾದಾನಕ್ಕೆ ಬಂದ. ಕೈದಿಗಳ ತಲೆಗೆ ಒದ್ದೆ ಚೀಲ ಬಿಗಿದು ಉಸಿರುಗಟ್ಟಿಸುವುದರಲ್ಲಿ ಅವನು ಪಳಗಿದವನು. ಅವನ ಕೈಯಲ್ಲಿ ನರಳಿದ್ದ ಟೋನಿ ಯೆಂಗೇನಿ ಆ ಹೊತ್ತಿಗೆ ಸಂಸದ. "ಅದನ್ನು ಹೇಗೆ ಮಾಡುತ್ತಿದ್ದೆ, ತೋರಿಸು" ಅಂದರು ಯೆಂಗೇನಿ. ಒಬ್ಬರು ನೆಲದ ಮೇಲೆ ಬೋರಲು ಮಲಗಿದರು, ಬೆಂಜಿಯನ್ ಬೆನ್ನ ಮೇಲೆ ಕೂತು ತಲೆಗೆ ಚೀಲ ಎಳೆದು ತೋರಿಸಿದ. ಕ್ಯಾಮೆರಾಗಳ ಮುಂದೆಯೇ. ಆಮೇಲೆ ಅದೇ ಬಾಯಲ್ಲಿ, ಯೆಂಗೇನಿ ಎಷ್ಟು ಬೇಗ ಸೋತು ಜೊತೆಗಾರರ ಗುಟ್ಟು ಬಿಟ್ಟುಕೊಟ್ಟರು ಅನ್ನುವುದನ್ನೂ ಹೇಳಿದ. ಸತ್ಯವೇ ಇರಬಹುದು, ಆದರೆ ಅವತ್ತು ಎರಡನೇ ಸಲ ಏಟು ತಿಂದವರು ಯಾರು? ಕೊನೆಗೆ ಅವನಿಗೆ ಕ್ಷಮಾದಾನ ಸಿಕ್ಕಿತು.

ಹಾಗಿದ್ದೂ ಆ ದೃಶ್ಯಕ್ಕೆ ಬೆಲೆ ಇತ್ತು, ಯಾಕೆಂದರೆ ಎದುರಿಗೆ ಒಂದು ಮುಖ ಇತ್ತು. ಲಂಚದಲ್ಲಿ ಆ ಮುಖ ಯಾರದು? ಆಸ್ಪತ್ರೆಯ ಔಷಧಿ ಹಣ ನುಂಗಿದರೆ ಸತ್ತವನಿಗೆ ತಾನು ಯಾಕೆ ಸತ್ತೆ ಅಂತಲೇ ಗೊತ್ತಿರುವುದಿಲ್ಲ. ಸಾಕ್ಷಿ ಕಟ್ಟೆಯಲ್ಲಿ ಯಾರನ್ನು ನಿಲ್ಲಿಸುತ್ತೀರಿ?

ಇದಕ್ಕೆ ಅರ್ಧ ಉತ್ತರ ಕೊಟ್ಟಿದ್ದು ಟ್ಯುನೀಸಿಯಾ. ಸತ್ಯಶೋಧನಾ ಆಯೋಗ ಕಟ್ಟಿದ ಅಲ್ಲಿನ 2013ರ ಕಾನೂನು ವ್ಯಕ್ತಿಯನ್ನಷ್ಟೇ ಅಲ್ಲ, ಬೇಕಂತಲೇ ಕಡೆಗಣಿಸಿದ ಪ್ರದೇಶವನ್ನೂ ಸಂತ್ರಸ್ತ ಅಂತ ಒಪ್ಪಿತು. ಕಸ್ಸರೀನ್ ಪ್ರಾಂತ್ಯದ ಪರವಾಗಿ "ನಮ್ಮ ಪ್ರಾಂತ್ಯವೇ ಸಂತ್ರಸ್ತ" ಅಂತ ಆಯೋಗಕ್ಕೆ ದೂರು ಸಲ್ಲಿಕೆಯಾಯಿತು. ಇದು ನನಗೆ ತುಂಬ ಹಿಡಿಸಿದ ವಿಚಾರ: ಬಾರದ ರಸ್ತೆ, ಕಟ್ಟದ ಶಾಲೆ ಕೂಡ ಹೇಳಿಕೆ ಕೊಡಬಹುದು.

ಹಳೇಲೆಕ್ಕಿಗ

ಎಲ್ಲರೂ ಬಾಯಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಕಾಗದದ ಬಗ್ಗೆ ಹೇಳುತ್ತೇನೆ. ಮೂವತ್ತು ವರ್ಷಕ್ಕೂ ಮೇಲೆ ಲೆಕ್ಕ ತಪಾಸಣೆ ಮಾಡಿದವನು ನಾನು.

ಒಮ್ಮೆ ಒಂದು ಕಚೇರಿಯಲ್ಲಿ (ಹೆಸರು ಬೇಡ) ದುರಸ್ತಿ ಕೆಲಸದ ಮೂರು ಬಿಲ್ಲು ನೋಡುತ್ತಿದ್ದೆ. ಮೂರೂ ಬೇರೆ ಬೇರೆ ತಿಂಗಳಿನವು, ಒಬ್ಬನೇ ಗುತ್ತಿಗೆದಾರ. ಮೊತ್ತ ಸರಿ, ಸಹಿ ಸರಿ, ಮೊಹರು ಸರಿ. ಬಿಲ್ಲಿನ ಮೇಲೆ ಅಚ್ಚಾದ ಕ್ರಮಸಂಖ್ಯೆ ಮಾತ್ರ 41, 42, 43. ನಾಲ್ಕು ತಿಂಗಳಲ್ಲಿ ಆ ಮನುಷ್ಯ ಪ್ರಪಂಚದಲ್ಲಿ ಬೇರೆ ಯಾರಿಗೂ ಒಂದು ಬಿಲ್ಲು ಹರಿದಿರಲಿಲ್ಲ! ಬೆಳಕಿಗೆ ಹಿಡಿದರೆ 42ರ ಹಾಳೆಯಲ್ಲಿ 41ರ ಅಂಕಿಗಳ ಒತ್ತು ಬೇರೆ ಕಾಣುತ್ತಿತ್ತು, ಒಂದರ ಮೇಲೊಂದು ಇಟ್ಟು ಒಂದೇ ಕೂರಿಕೆಯಲ್ಲಿ ಬರೆದದ್ದು. ಅಲ್ಲಿ ಯಾರೂ ಬಾಯಿಬಿಡಬೇಕಾಗಿರಲಿಲ್ಲ, ಕಾಗದವೇ ಹೇಳುತ್ತಿತ್ತು.

ಆದ್ದರಿಂದ ಆಯೋಗ ಅಂದರೆ ನನ್ನ ಮೊದಲ ಪ್ರಶ್ನೆ, ಕಡತದ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ? ದಕ್ಷಿಣ ಆಫ್ರಿಕಾದಲ್ಲಿ ಅಧಿಕಾರ ಕೈಬದಲಾಗುವ ಮುಂಚೆ, 1993ರಲ್ಲಿ, ಗುಪ್ತಚರ ಇಲಾಖೆ ಸುಮಾರು 44 ಟನ್ ಕಾಗದ, ಮೈಕ್ರೋಫಿಲ್ಮ್ ನಾಶ ಮಾಡಿತು. ಕುಲುಮೆಗೆ ಹಾಕಿ ಸುಟ್ಟರು. ಟನ್ ಲೆಕ್ಕದಲ್ಲಿ ಸುಡಬೇಕಾದರೆ ಲಾರಿ ಬೇಕು, ಕೂಲಿ ಬೇಕು, ತಿಂಗಳುಗಟ್ಟಲೆ ಸಮಯ ಬೇಕು, ಯಾರದೋ ಮಂಜೂರಾತಿಯ ಸಹಿಯೂ ಬೇಕು.

ತುಂಬೆಹೂ

ಲೆಕ್ಕಿಗ ಸರ್, ಟ್ಯುನೀಸಿಯಾದಲ್ಲೂ ಹಾಗೇ ಆಯಿತು. 2014ರ ಡಿಸೆಂಬರ್‌ನಲ್ಲಿ ಆಯೋಗದ ಅಧ್ಯಕ್ಷೆ ಸಿಹೆಮ್ ಬೆನ್ಸೆದ್ರಿನ್ ಲಾರಿ ತೆಗೆದುಕೊಂಡು ಅಧ್ಯಕ್ಷರ ಅರಮನೆಗೆ ಹೋದರು, ಹಳೆಯ ಸರ್ವಾಧಿಕಾರಿಯ ಕಡತ ತರಲು. ಕಾನೂನು ಅವರ ಕಡೆಗಿತ್ತು. ಗೇಟಿನಲ್ಲಿ ಅಂಗರಕ್ಷಕ ಪಡೆ ನಿಂತು ವಾಪಸ್ ಕಳಿಸಿತು. ಖಾಲಿ ಲಾರಿ ಹಿಂದಿರುಗಿತು.

ಹಳೇಲೆಕ್ಕಿಗ

ಗೇಟಿನ ಕಾವಲುಗಾರ ಕಾನೂನು ಓದಿರುವುದಿಲ್ಲ ಮೇಡಂ, ಮೇಲಿಂದ ಬಂದ ಫೋನು ಕೇಳಿರುತ್ತಾನೆ.

ಕಾಗದ ಉಳಿದ ಕಥೆಗಳೂ ಇವೆ, ಅದನ್ನೂ ಹೇಳಬೇಕು. ಗ್ವಾಟೆಮಾಲಾದಲ್ಲಿ ಅಂತರ್ಯುದ್ಧದ ಬಗ್ಗೆ 1999ರಲ್ಲಿ ವರದಿ ಕೊಟ್ಟ ಆಯೋಗಕ್ಕೆ ಪೊಲೀಸ್ ಕಡತಗಳು ಇಲ್ಲವೇ ಇಲ್ಲ ಅಂತ ಹೇಳಿದ್ದರು. 2005ರಲ್ಲಿ ಬೇರೇನೋ ಸ್ಫೋಟಕದ ತಪಾಸಣೆಗೆ ಹೋದವರಿಗೆ ಒಂದು ಪೊಲೀಸ್ ಆವರಣದ ಕಟ್ಟಡಗಳಲ್ಲಿ ಕಟ್ಟು ಕಟ್ಟಾಗಿ ಕೊಳೆಯುತ್ತ ಬಿದ್ದಿದ್ದು ಸಿಕ್ಕಿತು. ಸುಮಾರು 8 ಕೋಟಿ ಪುಟ! ಸುಳ್ಳು ಹೇಳಿದವರಿಗೂ ಸುಡುವ ಉತ್ಸಾಹ ಇರಲಿಲ್ಲ ಅನ್ನಿಸುತ್ತದೆ. ಚಾಡ್‌ನಲ್ಲೂ ಹೀಗೇ, ಮಾಜಿ ಸರ್ವಾಧಿಕಾರಿ ಹಿಸೆನ್ ಹಬ್ರೆಯ ಗುಪ್ತ ಪೊಲೀಸರ ದಾಖಲೆ 2001ರಲ್ಲಿ ಪಾಳುಬಿದ್ದ ಕಚೇರಿಯ ನೆಲದ ತುಂಬ ಹರಡಿಕೊಂಡು ಬಿದ್ದಿತ್ತು. 2016ರಲ್ಲಿ ಡಕಾರ್‌ನಲ್ಲಿ ಅವನಿಗೆ ಜೀವಾವಧಿ ಆದಾಗ ಆ ಕಾಗದಗಳೂ ಸಾಕ್ಷಿಯಾಗಿದ್ದವು.

ದಾರಿಹೋಕ

ಚಾಡ್ ಹೆಸರು ಬಂದಿದ್ದು ಒಳ್ಳೆಯದಾಯಿತು. ಕೊಲೆ ಮತ್ತು ಲೂಟಿ ಎರಡನ್ನೂ ಒಂದೇ ಆಯೋಗಕ್ಕೆ ವಹಿಸಿದ ಆರಂಭದ ಉದಾಹರಣೆಗಳಲ್ಲಿ ಅದು ಒಂದು. 1990ರ ಕೊನೆಗೆ ನೇಮಕ, 92ರಲ್ಲಿ ವರದಿ. ಹಬ್ರೆ ಮತ್ತು ಅವನ ಸಹಚರರ "ಅಪರಾಧ ಮತ್ತು ಹಣ ದುರುಪಯೋಗ" ಅಂತ ಹೆಸರಿನಲ್ಲೇ ಇತ್ತು. ಸತ್ತವರು 40,000 ಅಂತ ಅಂದಾಜು ಮಾಡಿದರು. ಕೂರಲು ಬೇರೆ ಕಟ್ಟಡ ಸಿಗದೆ, ಅದೇ ಗುಪ್ತ ಪೊಲೀಸರ ಹಳೆಯ ಬಂದಿಖಾನೆಯಲ್ಲಿ ಕಚೇರಿ ತೆರೆದರು. ಜನ ಹೇಳಿಕೆ ಕೊಡಲು ಆ ಬಾಗಿಲು ದಾಟಬೇಕು! ಎಷ್ಟೋ ಮಂದಿ ಹೆದರಿ ಬರಲೇ ಇಲ್ಲ.

ಬೇವಿನಕಡ್ಡಿ

ನೋಡಿದಿರಾ, ನಾನು ಹೇಳಿದ್ದು ಅದನ್ನೇ. ಕುರ್ಚಿಗೂ ಗತಿಯಿಲ್ಲದ ಆಯೋಗ.

ಕುರ್ಚಿ ಇದ್ದಾಗಲೂ ಅಷ್ಟೇ. ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧದ ದೌರ್ಜನ್ಯಗಳ ಬಗ್ಗೆ ವಿಶ್ವಸಂಸ್ಥೆಯ ಆಯೋಗ, ಮೂವರೂ ಹೊರದೇಶದವರು, ಯಾರ ಮುಲಾಜೂ ಇಲ್ಲದೆ 40ಕ್ಕೂ ಹೆಚ್ಚು ಜನರ ಹೆಸರು ಹಾಕಿ 1993ರ ಮಾರ್ಚ್ 15ಕ್ಕೆ ವರದಿ ಕೊಟ್ಟಿತು. ಐದೇ ದಿನ. ಮಾರ್ಚ್ 20ಕ್ಕೆ ಸಂಸತ್ತು ಎಲ್ಲರಿಗೂ ಕ್ಷಮಾದಾನ ಕೊಡುವ ಕಾನೂನು ಮಾಡಿತು. ಆ ಕಾನೂನನ್ನು ಅಲ್ಲಿನ ಕೋರ್ಟು ಕಿತ್ತುಹಾಕಿದ್ದು 2016ರಲ್ಲಿ, ಅಷ್ಟರಲ್ಲಿ ಸಾಕ್ಷಿಗಳೂ ಆರೋಪಿಗಳೂ ಅರ್ಧಕ್ಕರ್ಧ ಮಣ್ಣಾಗಿದ್ದರು. ವರದಿ ಅಚ್ಚು ಮಾಡಿದ ಶಾಯಿ ಒಣಗುವ ಮೊದಲೇ ಎಲ್ಲರಿಗೂ ಗಂಗಾಸ್ನಾನ.

ಕರಿಕೋಟು

ಒಪ್ಪಿದೆ. ಆದರೆ ಅರ್ಜೆಂಟೀನಾ ಕೂಡ ಹೇಳಿ. ಸೇನಾ ಆಡಳಿತದಲ್ಲಿ ನಾಪತ್ತೆಯಾದವರ ಬಗ್ಗೆ 1983ರ ಡಿಸೆಂಬರ್‌ನಲ್ಲಿ ನೇಮಿಸಿದ ಆಯೋಗ, ಸಾಹಿತಿ ಅರ್ನೆಸ್ಟೊ ಸಬಾಟೊ ಅಧ್ಯಕ್ಷರು. ಯಾರಿಗೂ ಸಮನ್ಸ್ ಕೊಡುವ ಅಧಿಕಾರ ಇರಲಿಲ್ಲ. ಒಂಬತ್ತು ತಿಂಗಳಲ್ಲಿ ಸುಮಾರು 9,000 ನಾಪತ್ತೆ ಪ್ರಕರಣ, ಸುಮಾರು 340 ಗುಪ್ತ ಬಂದಿಖಾನೆಗಳನ್ನು ದಾಖಲಿಸಿತು. ನೌಕಾಪಡೆಯ ಶಾಲೆಯ ಬಂದಿಖಾನೆಯಲ್ಲಿ, 1979ರಲ್ಲಿ ಹೊರದೇಶದ ಪರಿಶೀಲಕರು ಬರುವ ಮುಂಚೆ ಮೆಟ್ಟಿಲು ಮುಚ್ಚಿ, ಲಿಫ್ಟ್ ಕಿತ್ತುಹಾಕಿ ಕಟ್ಟಡವನ್ನೇ ಬದಲಿಸಿದ್ದರು. ಬದುಕುಳಿದವರ ಹೇಳಿಕೆಯಲ್ಲಿ ಇರುವ ಮೆಟ್ಟಿಲು ಕಟ್ಟಡದಲ್ಲಿ ಇರಬಾರದು ಅಂತ. ಆದರೂ 1985ರಲ್ಲಿ ಸೇನಾ ಮುಖ್ಯಸ್ಥರ ವಿಚಾರಣೆ ನಡೆದಾಗ ಪ್ರಾಸಿಕ್ಯೂಟರ್ ಕೈಗೆ ಸಿದ್ಧವಾಗಿ ಸಿಕ್ಕಿದ್ದು ಇದೇ ಆಯೋಗದ ಕಡತ. ಅವರಲ್ಲೊಬ್ಬನಾದ ವಿಡೆಲಾಗೆ ಜೀವಾವಧಿ ಆಯಿತು. ಆಮೇಲೆ ಕ್ಷಮಾದಾನ ಕಾನೂನು, ಮತ್ತೆ 2005ರಲ್ಲಿ ಅದು ರದ್ದು, ಮತ್ತೆ ವಿಚಾರಣೆ. ಇಪ್ಪತ್ತು ವರ್ಷ ಕಾದ ಕಡತ ಕೆಲಸಕ್ಕೆ ಬಂತು.

ಇನ್ನು ಲಂಚಕ್ಕೇ ಅಂತ "ಸತ್ಯ ಆಯೋಗ" ಎಂಬ ಹೆಸರಿಟ್ಟು ಮಾಡಿದ್ದು ಫಿಲಿಪ್ಪೀನ್ಸ್. 2010ರಲ್ಲಿ ಹೊಸ ಅಧ್ಯಕ್ಷ ಅಕಿನೊ ಅವರ ಮೊದಲ ಆದೇಶವೇ ಅದು. ಹಿಂದಿನ ಸರ್ಕಾರದ ಭ್ರಷ್ಟಾಚಾರ ಬಯಲಿಗೆಳೆಯಬೇಕು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಕಾರಣ: ಹಿಂದಿನ ಒಂದೇ ಸರ್ಕಾರ ಯಾಕೆ, ಅದಕ್ಕೂ ಹಿಂದಿನವು ಯಾಕಿಲ್ಲ? ಕಾನೂನಿನ ಮುಂದೆ ಸಮಾನತೆ ಎಲ್ಲಿ? ತೀರ್ಪು ಸರಿಯೋ ತಪ್ಪೋ ವಾದಿಸಬಹುದು, ಆದರೆ ಪಾಠ ಖಂಡಿತ ಇದೆ. ಸೋತವರ ಕಾಲದ ಲಂಚವನ್ನಷ್ಟೇ ಹುಡುಕಲು ಹೊರಟರೆ ಅದಕ್ಕೆ ಸತ್ಯಶೋಧನೆ ಅನ್ನುವುದು ಕಷ್ಟ.

ಮುಂಗೋಳಿ

ಹಾಗಾದರೆ ಟ್ಯುನೀಸಿಯಾ 1955ರಿಂದ 2013ರವರೆಗೆ ಅಂತ ಕಾಲಾವಧಿ ಇಟ್ಟಿದ್ದು ಇದಕ್ಕೇ ಇರಬೇಕು ಅಲ್ಲವೇ? ಸ್ವಾತಂತ್ರ್ಯಕ್ಕೆ ಮುಂಚಿನಿಂದ ಹಿಡಿದು ಕ್ರಾಂತಿ ಆದಮೇಲೂ. ಯಾರಿಗೂ "ನಮ್ಮನ್ನೇ ಗುರಿ ಮಾಡಿದರು" ಅನ್ನಲು ಬರಬಾರದು.

ತುಂಬೆಹೂ

ಹೌದು. ಅದರ ಬೆಲೆಯನ್ನೂ ತೆತ್ತರು. ಅರವತ್ತು ವರ್ಷದ ಎಲ್ಲ ಪಕ್ಷದವರೂ ಶತ್ರುಗಳಾದರು. 62,000ಕ್ಕೂ ಹೆಚ್ಚು ದೂರು, ನಾಲ್ಕು ಚಿಲ್ಲರೆ ವರ್ಷ. 2017ರ ಮೇ ತಿಂಗಳಲ್ಲಿ ಪದಚ್ಯುತ ಅಧ್ಯಕ್ಷ ಬೆನ್ ಅಲಿಯ ಹೆಂಡತಿಯ ಅಣ್ಣನ ಮಗ, ಇಮೆದ್ ತ್ರಾಬೆಲ್ಸಿ, ಜೈಲಿನಿಂದಲೇ ವಿಡಿಯೊದಲ್ಲಿ ಮಾತಾಡಿದ. ದೇಶವೆಲ್ಲ ಟಿವಿ ಮುಂದೆ. ಆಮದು ವ್ಯಾಪಾರ ಹೇಗೆ ಕೈವಶ ಮಾಡಿಕೊಂಡೆ, ಕಸ್ಟಮ್ಸ್‌ನವರು ಹೇಗೆ ಸಹಕರಿಸಿದರು ಅಂತ ವ್ಯಾಪಾರದ ಪಾಠ ಹೇಳಿದ ಹಾಗೆ ಹೇಳಿದ. ಅವನ ಜೊತೆ ಕೈಜೋಡಿಸಿದ ಅಧಿಕಾರಿಗಳು ಇನ್ನೂ ಅದೇ ಕುರ್ಚಿಗಳಲ್ಲಿ ಕೂತು ಅದನ್ನು ನೋಡುತ್ತಿದ್ದರು.

ನಾಲ್ಕು ತಿಂಗಳು ಕಳೆಯಲಿಲ್ಲ, ಸೆಪ್ಟೆಂಬರ್‌ನಲ್ಲಿ ಸಂಸತ್ತು "ಆಡಳಿತಾತ್ಮಕ ರಾಜಿ" ಅಂತ ಕಾನೂನು ಮಾಡಿ ಹಳೆಯ ಅಧಿಕಾರಿಗಳಿಗೆ ಮಾಫಿ ಕೊಟ್ಟಿತು. "ನಾನು ಕ್ಷಮಿಸುವುದಿಲ್ಲ" ಅನ್ನುವ ಹೆಸರಿನಲ್ಲೇ ಯುವಕರ ಚಳವಳಿ ಹುಟ್ಟಿತ್ತು, ಬೀದಿಗೂ ಇಳಿದರು. ಕಾನೂನು ಪಾಸಾಗಿಯೇ ಹೋಯಿತು. 2024ರ ಆಗಸ್ಟ್‌ನಲ್ಲಿ ಬಂಧನವಾಗಿದ್ದು ಯಾರದು ಗೊತ್ತೇ? ಆಯೋಗದ ಅಧ್ಯಕ್ಷೆಯದು.

ದಾರಿಹೋಕರೇ, ನಿಮ್ಮ ಕರಾರಿಗೆ ಇಲ್ಲಿ ಉತ್ತರ ಇದೆ. ಆಯೋಗದ ಮುಂದೆ ಬಂದು ಎಲ್ಲ ಹೇಳಿ ಹಣ ಹಿಂದಿರುಗಿಸಿದರೆ ರಾಜಿ ಅನ್ನುವ ದಾರಿ ಅಲ್ಲಿತ್ತು. ಆದರೆ ಪಕ್ಕದ ಬಾಗಿಲಲ್ಲಿ ಏನೂ ಹೇಳದೆ ಮಾಫಿ ಸಿಗುವುದಾದರೆ ಈ ಬಾಗಿಲಿಗೆ ಯಾರು ಬರುತ್ತಾರೆ?

ದಾರಿಹೋಕ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸೋತೆ.

ಆದರೆ ಏನೂ ಕೇಳದೆ ಕೊಟ್ಟ ಮಾಫಿಯೂ ಕೆಲಸ ಮಾಡಿದ ಒಂದು ಉದಾಹರಣೆ ಇದೆ. ಹಾಂಗ್‌ಕಾಂಗ್. 1974ರಲ್ಲಿ ಭ್ರಷ್ಟಾಚಾರ ವಿರೋಧಿ ಸ್ವತಂತ್ರ ಆಯೋಗ ಶುರುವಾಯಿತು. 1977ರ ಅಕ್ಟೋಬರ್ ಹೊತ್ತಿಗೆ ಪೊಲೀಸರು ದಂಗೆಯೆದ್ದು ಆಯೋಗದ ಕಚೇರಿಗೇ ನುಗ್ಗಿದರು. ನವೆಂಬರ್‌ನಲ್ಲಿ ಗವರ್ನರ್ ಮ್ಯಾಕ್ಲೆಹೋಸ್, 1977ರ ಜನವರಿ 1ಕ್ಕಿಂತ ಹಿಂದಿನ ತಪ್ಪುಗಳಿಗೆ ಭಾಗಶಃ ಮಾಫಿ ಘೋಷಿಸಿದರು, ಆಗಲೇ ತನಿಖೆಯಲ್ಲಿದ್ದವರನ್ನೂ ಪರಾರಿಯಾದವರನ್ನೂ ಬಿಟ್ಟು. ಆಗ ಎಲ್ಲರೂ ಆಯೋಗದ ಕಥೆ ಮುಗಿಯಿತು ಅಂದರು. ಮುಗಿಯಲಿಲ್ಲ. ಒಂದು ಗೆರೆ ಎಳೆದು "ಇನ್ನು ಮುಂದೆ" ಅಂದಿದ್ದು ಗಟ್ಟಿಯಾಗಿ ನಿಂತಿತು.

ಕರಿಕೋಟು

ನಿಂತಿದ್ದು ಮಾಫಿಯಿಂದ ಅಲ್ಲ. ಗೆರೆಯ ಈಚೆಗೆ ಹಿಡಿಯುವ ಕೈ ಆಗಲೇ ಬಲವಾಗಿತ್ತು, ಅದಕ್ಕೆ. ಆದರೆ ಅಲ್ಲಿ ಸತ್ಯ ಹೊರಬರಲಿಲ್ಲ ಅನ್ನುವುದನ್ನೂ ನೆನಪಿಡಿ. ಹಳೆಯದು ಮುಚ್ಚಿಯೇ ಹೋಯಿತು. ಅದು ಶಾಂತಿ ಒಪ್ಪಂದ, ಸತ್ಯಶೋಧನೆ ಅಲ್ಲ.

ಇಲ್ಲಿ ಒಂದು ಮೂಲ ವ್ಯತ್ಯಾಸ ಹೇಳಲೇಬೇಕು. ಚಿತ್ರಹಿಂಸೆ ಕೊಟ್ಟವನ ಹತ್ತಿರ ವಾಪಸ್ ಕೊಡಲು ಸತ್ಯ ಒಂದೇ ಇದೆ: ಹೆಣ ಎಲ್ಲಿ ಹೂತೆ, ಯಾರು ಆದೇಶ ಕೊಟ್ಟರು. ಕಳ್ಳನ ಹತ್ತಿರ ಸತ್ಯದ ಜೊತೆ ಕದ್ದ ಮಾಲೂ ಇದೆ. ಬರೀ ಸತ್ಯ ತೆಗೆದುಕೊಂಡು ಬಿಟ್ಟರೆ ಅವನು ಆ ದುಡ್ಡಿನಲ್ಲಿ ಪತ್ರಿಕೆ ಕೊಳ್ಳುತ್ತಾನೆ, ಪಕ್ಷ ಕೊಳ್ಳುತ್ತಾನೆ, ಮುಂದಿನ ಆಯೋಗವನ್ನೂ ಕೊಳ್ಳುತ್ತಾನೆ. ಆದ್ದರಿಂದ ದಕ್ಷಿಣ ಆಫ್ರಿಕಾದ ಕರಾರನ್ನು ಹಾಗೇ ಎತ್ತಿ ಲಂಚಕ್ಕೆ ಅಂಟಿಸಲು ಆಗುವುದಿಲ್ಲ. ಮೊದಲು ಖಾತೆ ಜಪ್ತಿ, ಆಮೇಲೆ ಕಡತ, ಮೈಕು ಎಲ್ಲಕ್ಕಿಂತ ಕೊನೆಗೆ.

ಹಳೇಲೆಕ್ಕಿಗ

ಕೊನೆಯ ವಾಕ್ಯಕ್ಕೆ ನನ್ನ ಸಹಿಯೂ ಸೇರಿಸಿ. ಕಡತ ಮೊದಲು, ಖಾತೆ ಎರಡನೆಯದು ಅಂತ ಸಣ್ಣ ತಿದ್ದುಪಡಿ. ಕಡತ ಇಲ್ಲದೆ ಯಾವ ಖಾತೆ ಅಂತ ಹೇಗೆ ಗೊತ್ತಾಗಬೇಕು.

ಬೇವಿನಕಡ್ಡಿ

ಇಷ್ಟೆಲ್ಲ ಓದಿದ ಮೇಲೆ ಒಂದು ನಾನೇ ಸೇರಿಸುತ್ತೇನೆ, ನನ್ನ ವಾದಕ್ಕೇ ವಿರುದ್ಧವಾದರೂ. ಕೆನಡಾದ ಕ್ವಿಬೆಕ್‌ನಲ್ಲಿ ಕಟ್ಟಡ ಗುತ್ತಿಗೆಗಳ ಬಗ್ಗೆ 2011ರಿಂದ 15ರವರೆಗೆ ಶಾರ್ಬೊನೊ ಆಯೋಗ ಕೂತಿತ್ತು. ಪೊಲೀಸರು ಹಿಂದೆ ಗುಟ್ಟಾಗಿ ತೆಗೆದಿದ್ದ ವಿಡಿಯೊ ಅಲ್ಲಿ ತೋರಿಸಿದರು. ಮಾಫಿಯಾದ ಮುದುಕ, ನಿಕೊಲೊ ರಿಜ್ಜುಟೊ, ಮೇಜಿನ ಮುಂದೆ ಕೂತು ಪ್ಯಾಂಟು ಎತ್ತಿ ನೋಟಿನ ಕಟ್ಟನ್ನು ಕಾಲುಚೀಲಕ್ಕೆ ತುರುಕಿಕೊಳ್ಳುತ್ತಾನೆ. ಸಾವಿರ ಪುಟದ ವರದಿ ಓದದ ಜನ ಆ ಕಾಲುಚೀಲ ಮರೆಯುವುದಿಲ್ಲ. ಪೆರುವಿನಲ್ಲೂ ಅಷ್ಟೇ. ಗುಪ್ತಚರ ಮುಖ್ಯಸ್ಥ ಮೊಂಟೆಸಿನೊಸ್ ಸಂಸದನೊಬ್ಬನಿಗೆ 15,000 ಡಾಲರ್ ಎಣಿಸಿಕೊಡುವ ವಿಡಿಯೊ 2000ದ ಸೆಪ್ಟೆಂಬರ್‌ನಲ್ಲಿ ಟಿವಿಯಲ್ಲಿ ಬಂತು, ನವೆಂಬರ್‌ಗೆ ಅಧ್ಯಕ್ಷ ಫುಜಿಮೊರಿ ಜಪಾನಿನಿಂದ ಫ್ಯಾಕ್ಸ್‌ನಲ್ಲಿ ರಾಜೀನಾಮೆ ಕಳಿಸಿದ. ಮಜಾ ಏನೆಂದರೆ ಆ ವಿಡಿಯೊ ತೆಗೆಸಿದವನು ಮೊಂಟೆಸಿನೊಸ್ಸೇ. ದುಡ್ಡು ತೆಗೆದುಕೊಂಡವರು ಕೈಕೊಡಬಾರದು ಅಂತ ರಸೀದಿ ಇಟ್ಟುಕೊಂಡಿದ್ದ.

ದಾರಿಹೋಕ

ಬೇವಿನಕಡ್ಡಿಯಲ್ಲೂ ಸ್ವಲ್ಪ ಸಿಹಿ ಇದೆ ಅಂತಾಯಿತು.

ಸರ್ಕಾರದೊಳಗಿನ ಭ್ರಷ್ಟಾಚಾರದ ತನಿಖೆಗೆ ಕೂತ ಜೊಂಡೊ ಆಯೋಗವನ್ನೂ ಸೇರಿಸಿ. ದಕ್ಷಿಣ ಆಫ್ರಿಕಾದಲ್ಲೇ, ಟುಟು ಕಾಲವಾದ ಎರಡು ದಶಕಕ್ಕೆ, 2018ರಿಂದ 22.

ತುಂಬೆಹೂ

ಸಣ್ಣ ತಿದ್ದುಪಡಿ: ಟುಟು ತೀರಿಕೊಂಡಿದ್ದು 2021ರ ಡಿಸೆಂಬರ್‌ನಲ್ಲಿ. ಟುಟು ಆಯೋಗದ ವರದಿಯಾಗಿ ಎರಡು ದಶಕ ಅನ್ನಿ.

ದಾರಿಹೋಕ

ಕ್ಷಮಿಸಿ, ವರದಿಯ ಕಾಲ ಅಂತಲೇ ಹೇಳಲು ಹೊರಟಿದ್ದು, ಕೈ ಜಾರಿತು.

ಜೊಂಡೊ ಆಯೋಗ 300ಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿತು, ಖರ್ಚು ಸುಮಾರು 100 ಕೋಟಿ ರ‍್ಯಾಂಡ್. ಒಂದು ಕಂಪನಿಯ ಮಾಜಿ ಮುಖ್ಯ ಅಧಿಕಾರಿ ಬಂದು ಯಾರ ಯಾರ ತಿಂಗಳ ಕವರು ಎಷ್ಟು ಅಂತ ಹೇಳಿದ, ಭದ್ರಕೋಣೆಯಲ್ಲಿ ನೋಟಿನ ಕಟ್ಟು ಎಣಿಸುವ ವಿಡಿಯೊ ತೋರಿಸಿದರು. ಮಾಜಿ ಅಧ್ಯಕ್ಷ ಜೂಮಾ ಸಾಕ್ಷಿ ಹೇಳಲು ಬರುವುದಿಲ್ಲ ಅಂದಾಗ ಸಂವಿಧಾನ ಕೋರ್ಟು 2021ರಲ್ಲಿ 15 ತಿಂಗಳ ಜೈಲು ವಿಧಿಸಿತು. ಭ್ರಷ್ಟಾಚಾರಕ್ಕಲ್ಲ, ಕೋರ್ಟಿನ ಮಾತು ಮೀರಿದ್ದಕ್ಕೆ. ಆಗ ನಡೆದ ಗಲಭೆಯಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಸತ್ಯ ಅಗ್ಗವಲ್ಲ.

ಮುಂಗೋಳಿ

ನನಗೆ ಹೆಸರು ಹಾಕುವ ವಿಷಯದಲ್ಲೇ ಅನುಮಾನ ಉಳಿದಿದೆ. ಆಯೋಗ ಕೋರ್ಟಲ್ಲ, ಪಾಟೀಸವಾಲು ಸರಿಯಾಗಿ ಆಗಿರುವುದಿಲ್ಲ. ತಪ್ಪು ಹೆಸರು ಬಂದರೆ?

ಗ್ವಾಟೆಮಾಲಾದ ಒಂದು ಪ್ರಕರಣ ಓದಿ ದಂಗಾದೆ. 2009ರ ಮೇ 10ರಂದು ರೊಡ್ರಿಗೊ ರೋಸೆನ್‌ಬರ್ಗ್ ಎಂಬ ವಕೀಲ ಸೈಕಲ್ ಹೊಡೆಯುತ್ತಿದ್ದಾಗ ಗುಂಡೇಟಿಗೆ ಸತ್ತರು. ಅಂತ್ಯಸಂಸ್ಕಾರದಲ್ಲಿ ಅವರದೇ ವಿಡಿಯೊ ಹಂಚಿದರು: "ನೀವಿದನ್ನು ನೋಡುತ್ತಿದ್ದರೆ ಅಧ್ಯಕ್ಷ ಕೊಲೋಮ್ ನನ್ನನ್ನು ಕೊಲ್ಲಿಸಿದ್ದಾರೆ" ಅನ್ನುವ ಅರ್ಥದ ಮಾತು. ದೇಶವೇ ಬೀದಿಗೆ ಬಂತು, ಸರ್ಕಾರ ಬೀಳುವ ಹಂತ. ವಿಶ್ವಸಂಸ್ಥೆ ಬೆಂಬಲದ ತನಿಖಾ ಆಯೋಗ ಫೋನ್ ಕರೆಗಳ ಜಾಡು ಹಿಡಿದು ಹೋದರೆ, ಸುತ್ತಿ ಸುತ್ತಿ ಬಂದು ನಿಂತಿದ್ದು ಸತ್ತವರ ಮನೆ ಬಾಗಿಲಿಗೇ. ತನ್ನ ಕೊಲೆಗೆ ತಾನೇ ಏರ್ಪಾಡು ಮಾಡಿಕೊಂಡಿದ್ದರು, ಕೊಂದವರಿಗೆ ತಾವು ಕೊಲ್ಲುತ್ತಿರುವುದು ಯಾರನ್ನು ಅಂತ ಗೊತ್ತಿರಲಿಲ್ಲ. ಜನ ನಂಬಿದ್ದ ಸತ್ಯವನ್ನು ಆಯೋಗ ಸುಳ್ಳು ಮಾಡಿತು.

ಕರಿಕೋಟು

ಶಹಬ್ಬಾಸ್. ಅದೇ ಆಯೋಗವೇ 2015ರಲ್ಲಿ ಕಸ್ಟಮ್ಸ್ ವಂಚನೆಯ ಫೋನ್ ಸಂಭಾಷಣೆಗಳನ್ನು ಹಿಡಿದು ಮತ್ತೊಬ್ಬ ಅಧ್ಯಕ್ಷ ಪೆರೆಸ್ ಮೊಲಿನಾ ರಾಜೀನಾಮೆ ಕೊಡುವ ಹಾಗೆ ಮಾಡಿದ್ದು. ಒಬ್ಬ ಅಧ್ಯಕ್ಷನನ್ನು ಸುಳ್ಳು ಆರೋಪದಿಂದ ಬಿಡಿಸಿದ್ದರಿಂದಲೇ ಇನ್ನೊಬ್ಬನನ್ನು ಹಿಡಿದಾಗ ಜನ ನಂಬಿದರು ಅಂತ ನನ್ನ ಅನಿಸಿಕೆ. ಮುಂದೆ ಬಂದ ಅಧ್ಯಕ್ಷ ಮೊರಾಲೆಸ್ ತನ್ನ ಬುಡಕ್ಕೇ ಬಂದಾಗ ಒಪ್ಪಂದ ನವೀಕರಿಸಲಿಲ್ಲ, 2019ರ ಸೆಪ್ಟೆಂಬರ್‌ಗೆ ಬಾಗಿಲು ಮುಚ್ಚಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ತುಂಬೆಹೂ

ಹೆಸರು ಹಾಕದಿದ್ದರೂ ಅಪಾಯ. ಕೀನ್ಯಾದ ಆಯೋಗಕ್ಕೆ ಭೂಕಬಳಿಕೆ, ಆರ್ಥಿಕ ಅಪರಾಧ ಎರಡೂ ವ್ಯಾಪ್ತಿಯಲ್ಲಿದ್ದವು. 2013ರ ಮೇ ತಿಂಗಳಲ್ಲಿ ವರದಿ ಬಂದಾಗ ಮೂವರು ವಿದೇಶಿ ಸದಸ್ಯರು ಭೂಮಿಯ ಅಧ್ಯಾಯಕ್ಕೆ ಭಿನ್ನಮತ ದಾಖಲಿಸಿದರು. ಮೊದಲ ಅಧ್ಯಕ್ಷ ಜೋಮೊ ಕೆನ್ಯಾಟ್ಟಾ ಕುರಿತ ಕೆಲವು ಪ್ಯಾರಾಗಳನ್ನು ಒತ್ತಡಕ್ಕೆ ಮಣಿದು ಬದಲಿಸಿದ್ದಾರೆ ಅಂತ. ವರದಿ ಸ್ವೀಕರಿಸಲು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು ಜೋಮೊ ಅವರ ಮಗ.

ಬೇವಿನಕಡ್ಡಿ

ಇದಕ್ಕೆ ಮೇಲೆ ನಾನು ಏನು ಹೇಳಲಿ.

ಮುಂಗೋಳಿ

ಲೆಕ್ಕಿಗ ಸರ್, ನಿಮ್ಮ 41, 42, 43 ಏನಾಯಿತು? ಅದನ್ನು ಹೇಳಲೇ ಇಲ್ಲ.

ಹಳೇಲೆಕ್ಕಿಗ

ಆಕ್ಷೇಪಣೆ ಬರೆದೆ. ಇಲಾಖಾ ವಿಚಾರಣೆ ಆಯಿತು. ಬಿಲ್ಲು ಬರೆದ ಗುಮಾಸ್ತನ ಎರಡು ಇಂಕ್ರಿಮೆಂಟು ಕತ್ತರಿಸಿದರು. ಮಂಜೂರು ಮಾಡಿದ ಅಧಿಕಾರಿ ಸಕಾಲಕ್ಕೆ ನಿವೃತ್ತರಾದರು, ಹಾರ ಹಾಕಿ ಕಳಿಸಿದರು.

ಎಷ್ಟೋ ವರ್ಷದ ಮೇಲೆ ಆ ಗುಮಾಸ್ತ ಒಂದು ಮದುವೆಯಲ್ಲಿ ಸಿಕ್ಕಿದ. ನಾನು ಮುಖ ತಪ್ಪಿಸಿದೆ, ಅವನೇ ಬಂದು ಕೂತ. ಆ ಮೂರು ಬಿಲ್ಲಿನ ದುಡ್ಡು ಯಾರ ಯಾರಿಗೆ ಎಷ್ಟೆಷ್ಟು ಹೋಯಿತು ಅಂತ ಬೆರಳು ಮಡಚಿ ಹೇಳಿದ, ಪೈಸೆ ಲೆಕ್ಕ ಸಮೇತ. ಅವನ ಪಾಲಿಗೆ ಬಂದಿದ್ದು ಬಹಳ ಕಡಿಮೆ. "ವಿಚಾರಣೆಯಲ್ಲಿ ಇದನ್ನ ಯಾಕಪ್ಪ ಹೇಳಲಿಲ್ಲ" ಅಂದೆ. "ಹೇಳಿಕೆ ಅವರೇ ಟೈಪ್ ಮಾಡಿ ತಂದಿದ್ದರು ಸಾರ್, ಸಹಿ ಎಲ್ಲಿ ಹಾಕಬೇಕು ಅಂತ ಮಾತ್ರ ತೋರಿಸಿದರು" ಅಂದ.